ಕೋಲ್ಡ್‌ಪ್ಲೇ ನೋಡಲು ಅಹಮದಾಬಾದಿಗೆ: ಟಿಕೆಟ್ ಸಿಕ್ಕಿದ್ದು, ಸೀಟು ಆರಿಸಿದ್ದು, ಮೆಟ್ಟಿಲು ಹತ್ತಿದ್ದು

ಮೊನ್ನೆ, 2025ರ ಜನವರಿ 26ರ ಭಾನುವಾರ ನಾನೂ ನನ್ನ ತಂಗಿಯೂ ಅಹಮದಾಬಾದಿನ ನರೇಂದ್ರ ಮೋದಿ ಸ್ಟೇಡಿಯಂನಲ್ಲಿ ಬ್ರಿಟನ್ನಿನ ರಾಕ್ ಬ್ಯಾಂಡ್ ಕೋಲ್ಡ್‌ಪ್ಲೇ ನೋಡಿದೆವು. ಸೋಮವಾರ ರಾತ್ರಿ ಬೆಂಗಳೂರಿಗೆ ವಾಪಸ್ ಬಂದೆವು. ಬ್ಯಾಗು ಇನ್ನೂ ಬಿಚ್ಚಿಲ್ಲ. ಆದರೂ ಮೊದಲು ಇದನ್ನು ಬರೆದುಬಿಡೋಣ ಅಂತ ಕೂತಿದ್ದೇನೆ. ಸೆಪ್ಟೆಂಬರಿನಿಂದ ಇಲ್ಲಿಯವರೆಗೆ ನಮಗೆ ಹೇಳುವವರಿಲ್ಲದೆ ಎಷ್ಟೋ ತಪ್ಪು ಮಾಡಿಕೊಂಡೆವು. ಮುಂದೆ ಯಾವುದೋ ದೊಡ್ಡ ಶೋಗೆ ಹೊರಡುವವರಿಗೆ ಆ ತೊಂದರೆ ಬೇಡ.

ಮೊದಲು ತಂಗಿಯ ಮಂಡಿ ವಿಷಯ ಹೇಳಬೇಕು. ಇಡೀ ಕಥೆ ಅದರ ಮೇಲೇ ನಿಂತಿದೆ. ಅವಳು ಕಾಲೇಜಿನಿಂದಲೂ ವಾಲಿಬಾಲ್ ಆಡುವವಳು. ಕಳೆದ ಜೂನ್‌ನಲ್ಲಿ ಮಂಡಿಯ ಲಿಗಮೆಂಟ್ ಹರಿದು ಆಪರೇಷನ್ ಆಯಿತು. ಓಡಾಡಬಹುದು, ಆದರೆ ಒಂಬತ್ತು ತಿಂಗಳು ಜಿಗಿಯುವ ಹಾಗಿಲ್ಲ, ತುಂಬಾ ಹೊತ್ತು ಒಂದೇ ಕಡೆ ನಿಲ್ಲುವ ಹಾಗಿಲ್ಲ ಅಂತ ಫಿಸಿಯೋ ಹೇಳಿದ್ದರು. ಕೋಲ್ಡ್‌ಪ್ಲೇ ನಮ್ಮಿಬ್ಬರ ಪಾಲಿಗೆ ಹಳೇ ಪ್ರೀತಿ. ತಿಪಟೂರಿನಿಂದ ತುಮಕೂರಿಗೆ ದಿನಾ ಕಾಲೇಜಿಗೆ ಹೋಗುವಾಗ ಬಸ್ಸಿನಲ್ಲಿ ಒಂದೇ ಇಯರ್‌ಫೋನನ್ನು ಇಬ್ಬರೂ ಒಂದೊಂದು ಕಿವಿಗೆ ಹಾಕಿಕೊಂಡು ಕೇಳುತ್ತಿದ್ದೆವು. ಆ ಎರಡು ವರ್ಷ ಒಂದು ಹಾಡನ್ನೂ ನಾವು ಎರಡು ಕಿವಿಯಲ್ಲಿ ಪೂರ್ತಿ ಕೇಳಲಿಲ್ಲ.

ಸೆಪ್ಟೆಂಬರ್ 22, 2024, ಭಾನುವಾರ. ನವಿ ಮುಂಬೈನ ಡಿ.ವೈ. ಪಾಟೀಲ್ ಸ್ಟೇಡಿಯಂನಲ್ಲಿ ಜನವರಿ 18 ಮತ್ತು 19ಕ್ಕೆ ಶೋ ಅಂತ ಘೋಷಣೆಯಾಗಿತ್ತು. ಮಧ್ಯಾಹ್ನ 12ಕ್ಕೆ ಟಿಕೆಟ್ ಮಾರಾಟ ಶುರು. ನಾನು ಫೋನು, ತಂಗಿ ಲ್ಯಾಪ್‌ಟಾಪು ಹಿಡಿದು ಕೂತೆವು. ಅಡುಗೆ ಬೆಳಗ್ಗೆಯೇ ಮುಗಿಸಿದ್ದೆ. 12 ಗಂಟೆ ಆಗುವ ಹೊತ್ತಿಗೆ ಆ್ಯಪ್ ನಿಂತೇ ಹೋಯಿತು. ಮತ್ತೆ ತೆರೆದಾಗ ಕ್ಯೂನಲ್ಲಿ ನನ್ನ ಮುಂದೆ 4 ಲಕ್ಷಕ್ಕೂ ಜಾಸ್ತಿ ಜನ, ತಂಗಿಯ ಮುಂದೆ 9 ಲಕ್ಷ. ಮೂರನೇ ಶೋ ಜನವರಿ 21ಕ್ಕೆ ಅಂತ ಸೇರಿಸಿದರು. ಅದಕ್ಕೂ ಅದೇ ಗತಿ. ಸಂಜೆ ಐದರವರೆಗೆ ಕೂತಿದ್ದೆವು. ನಂಬರ್ ಇಳಿಯುತ್ತಿದ್ದರೆ ಎದ್ದು ಹೋಗಲು ಮನಸ್ಸು ಬರುವುದಿಲ್ಲ. ತಂಗಿ ಬಾತ್‌ರೂಮಿಗೆ ಹೋಗುವಾಗಲೂ ಲ್ಯಾಪ್‌ಟಾಪ್ ನನ್ನ ತೊಡೆಯ ಮೇಲಿಟ್ಟು ಹೋಗುತ್ತಿದ್ದಳು. ಕೊನೆಗೆ ಎಲ್ಲ ಮುಗಿದಿದೆ ಅಂತ ಬಂತು. ಅವಳು ಏನೂ ಮಾತಾಡದೆ ಮಂಡಿಗೆ ಐಸ್ ಪ್ಯಾಕ್ ಇಟ್ಟುಕೊಂಡು ಗೋಡೆ ಕಡೆ ತಿರುಗಿ ಮಲಗಿದಳು. ಆವತ್ತು ಕೋಟಿಗೂ ಮೀರಿದ ಜನ ಟಿಕೆಟ್‌ಗೆ ಬಂದಿದ್ದರು ಅಂತ ಮಾರನೇ ದಿನ ಓದಿದೆವು. ನಮ್ಮ ಕೈಯಲ್ಲಿ ಏನೂ ಇರಲಿಲ್ಲ ಅಂತ ಆಗ ಸ್ವಲ್ಪ ಸಮಾಧಾನವಾಯಿತು.

ಆಮೇಲಿನ ಎರಡು ವಾರ ನನಗೆ ಈಗಲೂ ನೆನೆಸಿಕೊಂಡರೆ ಮುಜುಗರ. ನಿಮ್ಮ ಒಳ್ಳೆಯದಕ್ಕೆ ಹೇಳುತ್ತಿದ್ದೇನೆ. ಬ್ಲ್ಯಾಕ್‌ನಲ್ಲಿ ಟಿಕೆಟ್ ಹುಡುಕಿದೆ. 3,500 ರೂಪಾಯಿಯ ಟಿಕೆಟ್‌ಗೆ 28 ಸಾವಿರ ಕೇಳಿದವನೊಬ್ಬ ಮೆಸೇಜ್ ಮಾಡಿದ. ಅರ್ಧ ದುಡ್ಡು ಮುಂಗಡ ಹಾಕಿ, ಉಳಿದದ್ದು ಟಿಕೆಟ್ ಕೈಗೆ ಬಂದ ಮೇಲೆ ಅಂದ. ತಂಗಿಗೆ ಹೇಳದೆ ಕೊಟ್ಟುಬಿಡೋಣ ಅನ್ನಿಸಿತ್ತು. ಅವನು ಕಳಿಸಿದ ಸ್ಕ್ರೀನ್‌ಶಾಟನ್ನೇ ಇನ್ನೊಬ್ಬನೂ ಕಳಿಸಿದಾಗ ಕಣ್ಣು ತೆರೆಯಿತು. ಎರಡರಲ್ಲೂ ಬುಕಿಂಗ್ ನಂಬರ್ ಒಂದೇ. ನಮ್ಮ ಆಫೀಸಿನ ಹುಡುಗನೊಬ್ಬ ಹೀಗೆಯೇ 15 ಸಾವಿರ ಕಳೆದುಕೊಂಡ. ಅಕ್ಟೋಬರ್‌ನಲ್ಲಿ ಈ ಟಿಕೆಟ್ ದಂಧೆ ವಿಚಾರವಾಗಿ ಇ.ಡಿ. ಹಲವು ಊರುಗಳಲ್ಲಿ ಶೋಧ ಮಾಡಿತು. ಅದರಲ್ಲಿ ಬೆಂಗಳೂರೂ ಇತ್ತು. ಶೋಗೆ ಮೂರು ತಿಂಗಳಿರುವಾಗ ಯಾರ ಕೈಯಲ್ಲೂ ನಿಜವಾದ ಟಿಕೆಟ್ ಇರುವುದೇ ಇಲ್ಲ. ಅಚ್ಚಾಗಿ ಮನೆಗೆ ಬರುವುದು ಕೊನೆಯ ದಿನಗಳಲ್ಲಿ. ಹಾಗಿದ್ದ ಮೇಲೆ ಅವರು ಮಾರುವುದು ಏನನ್ನು? ದಯವಿಟ್ಟು ಕೊಡಬೇಡಿ.

ನವೆಂಬರ್‌ನಲ್ಲಿ ಇನ್ನೊಂದು ಬಾಗಿಲು ತೆರೆಯಿತು. ಜನವರಿ 25ಕ್ಕೆ ಅಹಮದಾಬಾದಿನಲ್ಲಿ ಶೋ. ಟಿಕೆಟ್ ಮಾರಾಟ ನವೆಂಬರ್ 16, ಶನಿವಾರ, ಮಧ್ಯಾಹ್ನ 12ಕ್ಕೆ. ಮುಂಬೈಗಿಂತ ಇಲ್ಲಿ ಆಸೆ ಜಾಸ್ತಿ ಇತ್ತು. ಕಾರಣ ಆ ಸ್ಟೇಡಿಯಂನ ಗಾತ್ರ. ಕ್ರಿಕೆಟ್‌ಗೆ 1,32,000 ಜನ ಕೂರಬಹುದಾದ ಜಾಗ ಅದು. ಸ್ಟೇಜ್ ಹಿಂದಿನ ಭಾಗ ಬಿಟ್ಟರೂ, ನೆಲದಲ್ಲಿ ನಿಲ್ಲುವವರನ್ನು ಸೇರಿಸಿದರೆ ಲಕ್ಷ ದಾಟುತ್ತದೆ.

ಈ ಸಲ ಮುಂಚೆಯೇ ಕೂತು ಲೆಕ್ಕ ಹಾಕೋಣ ಅಂದುಕೊಂಡೆವು. ನಿಜವಾದ ಜಗಳ ಶುರುವಾಗಿದ್ದು ಆಗ.

ದರ 2,500ರಿಂದ ಶುರುವಾಗಿ 3,000, 3,500, 4,500 ಹೀಗೆ ಏರುತ್ತ 12,500ರವರೆಗೆ ಇತ್ತು. ಅದರ ಮೇಲೆ ಪ್ರೀಮಿಯಂ ಬೇರೆ. ನೆಲದಲ್ಲಿ ನಿಂತು ನೋಡುವ ಸ್ಟ್ಯಾಂಡಿಂಗ್ ಟಿಕೆಟ್ 6,450. ತಂಗಿಗೆ ಬೇಕಾಗಿದ್ದು ಅದು.

"ಅಕ್ಕಾ, ಇದನ್ನ ನಿಂತ್ಕೊಂಡೇ ನೋಡ್ಬೇಕು. ಕೂತು ನೋಡೋಕೆ ಅದೇನು ನಾಟಕಾನಾ?"

"ಮಂಡಿ ಕಣೇ. ಮಧ್ಯಾಹ್ನ ಗೇಟು ತೆಗೆದ್ರೆ ರಾತ್ರಿ ಹತ್ತರವರೆಗೆ ನಿಂತಿರ್ಬೇಕು. ಮುಂದೆ ಜಾಗ ಬೇಕು ಅಂದ್ರೆ ಬೆಳಗ್ಗೆಯಿಂದ್ಲೇ ಕ್ಯೂ. ನಿನ್ನ ಕೈಲಿ ಆಗುತ್ತಾ?"

"ಬ್ರೇಸ್ ಹಾಕ್ಕೊಂಡು ಬರ್ತೀನಿ."

ಎರಡು ದಿನ ಇದೇ ಮಾತು. ಅವಳ ಆಸೆ ನನಗೆ ಅರ್ಥವಾಗುತ್ತಿತ್ತು, ಅದಕ್ಕೇ ಬೇಡ ಅನ್ನಲು ಕಷ್ಟವಾಗುತ್ತಿತ್ತು. ಕೊನೆಗೆ ಅವಳೇ ಫಿಸಿಯೋಗೆ ಫೋನ್ ಮಾಡಿ ಕೇಳಿದಳು. ಅವರು ಒಂದೇ ಮಾತು ಕೇಳಿದರಂತೆ: ಗುಂಪಿನಲ್ಲಿ ಪಕ್ಕದವರು ಜಿಗಿದು ನಿನ್ನ ಮೇಲೆ ಬಿದ್ದರೆ ಆ ಕಾಲಿನ ಮೇಲೆ ಭಾರ ಬೀಳದ ಹಾಗೆ ನೋಡಿಕೊಳ್ಳೋಕೆ ಆಗುತ್ತಾ? ಫೋನ್ ಇಟ್ಟ ಮೇಲೆ ನನ್ನ ಹತ್ತಿರ ಬಂದು, "ಸರಿ, ಸೀಟೇ ತಗೋ" ಅಂದಳು. ಕಣ್ಣು ತುಂಬಿತ್ತು.

ಸೀಟು ಅಂದ ಮೇಲೆ ಯಾವ ಸೀಟು? ಯೂಟ್ಯೂಬ್‌ನಲ್ಲಿ ಬೇರೆ ದೇಶದ ಶೋಗಳನ್ನು ನೋಡಿ ನಕ್ಷೆ ಪಕ್ಕಕ್ಕಿಟ್ಟುಕೊಂಡು ತಿಳಿದುಕೊಂಡಿದ್ದು ಇದು. ದೊಡ್ಡ ಸ್ಟೇಜ್ ಮೈದಾನದ ಒಂದು ತುದಿಯಲ್ಲಿರುತ್ತದೆ. ಅಲ್ಲಿಂದ ಒಂದು ಉದ್ದ ದಾರಿ ಜನರ ಮಧ್ಯೆ ಬಂದು ಸಣ್ಣ ಸ್ಟೇಜ್ ಆಗುತ್ತದೆ. ಇದನ್ನು ಎಲ್ಲರೂ ಗಮನಿಸುತ್ತಾರೆ. ಗಮನಿಸದೇ ಇರುವುದು ಮೂರನೆಯದನ್ನು. ಮೈದಾನದ ಇನ್ನೊಂದು ತುದಿಯಲ್ಲಿ, ಎಲ್ಲರ ಹಿಂದೆ, ಇನ್ನೊಂದು ಪುಟ್ಟ ಸ್ಟೇಜ್ ಇರುತ್ತದೆ. ಈ ಟೂರ್‌ನಲ್ಲಿ ಬ್ಯಾಂಡಿನವರು ಶೋ ಕೊನೆ ಕೊನೆಗೆ ಅಲ್ಲಿಗೆ ಬಂದು ಎರಡು ಮೂರು ಹಾಡು ಹಾಡುತ್ತಾರೆ. ಅಂದರೆ ಎಲ್ಲಕ್ಕಿಂತ ದೂರ ಅಂತ ಜನ ಬಿಡುವ ಆ ತುದಿಯ ಕೆಳಗಿನ ಸೀಟುಗಳಿಗೆ ಅಷ್ಟು ಹೊತ್ತು ಅವರು ಎಲ್ಲರಿಗಿಂತ ಹತ್ತಿರ. ನೀವು ಯಾರದೇ ಶೋಗೆ ಹೋಗಿ, ಟಿಕೆಟ್ ಬಿಡುವ ಮುಂಚೆ ಅದೇ ಟೂರಿನ ಒಂದು ವಿಡಿಯೋವನ್ನು ಪೂರ್ತಿ ನೋಡಿ. ಸ್ಟೇಜ್ ಎಲ್ಲೆಲ್ಲಿದೆ ಅಂತ ಮಾತ್ರ ನೋಡಿದರೂ ಸಾಕು.

ನಾವು ಮೂರು ಆಯ್ಕೆ ಚೀಟಿಯಲ್ಲಿ ಬರೆದುಕೊಂಡೆವು. ಮೊದಲನೆಯದು ಆ ದೂರದ ತುದಿಯ ಕೆಳಗಿನ ಸ್ಟ್ಯಾಂಡ್. ಎರಡನೆಯದು ಪಕ್ಕದ ಕೆಳಗಿನ ಸ್ಟ್ಯಾಂಡ್, 9,500ರವರೆಗೆ. ಮೂರನೆಯದು ಮೇಲಿನ ಸ್ಟ್ಯಾಂಡ್, ಎಷ್ಟಕ್ಕೆ ಸಿಕ್ಕರೆ ಅಷ್ಟಕ್ಕೆ. ಚೀಟಿಯನ್ನು ಲ್ಯಾಪ್‌ಟಾಪ್ ಮೂಲೆಗೆ ಅಂಟಿಸಿದೆವು.

ನವೆಂಬರ್ 16ರ ದಿನ 11ಕ್ಕೇ ಆ್ಯಪ್ ಒಳಗಿನ ವೇಟಿಂಗ್ ರೂಮಿನಲ್ಲಿ ಕೂತಿದ್ದೆವು. ಅಲ್ಲಿಗೆ ಮೊದಲು ಬಂದವರಿಗೆ ಮೊದಲ ನಂಬರ್ ಅಂತೇನಿಲ್ಲ. 12 ಹೊಡೆದಾಗ ಒಳಗಿದ್ದವರಿಗೆಲ್ಲ ಸುಮ್ನೆ ಚೀಟಿ ಎತ್ತಿದ ಹಾಗೆ ನಂಬರ್ ಬರುತ್ತದೆ. ಆದ್ದರಿಂದ ಮನೆಯಲ್ಲಿ ಎಷ್ಟು ಜನರ ಹೆಸರಿನಲ್ಲಿ ಅಕೌಂಟ್ ಇದೆಯೋ ಅಷ್ಟೂ ಜನ ಕೂರಿ. ನಾವು ಅಮ್ಮನನ್ನೂ ಕೂರಿಸಿದ್ದೆವು. ತಿಪಟೂರಿನಲ್ಲಿ ಅವರ ಫೋನು, ಇಲ್ಲಿಂದ ನಾವು ಹೇಳಿಕೊಡುವುದು. ನನ್ನ ನಂಬರ್ ಲಕ್ಷದ ಮೇಲಿತ್ತು. ತಂಗಿಯದೂ ಅಷ್ಟೇ. ಅಮ್ಮ ಫೋನ್ ಮಾಡಿ, "ಇದರಲ್ಲಿ 38 ಸಾವಿರ ಅಂತ ಬರ್ತಿದೆ ಕಣ್ರೇ, ಇಷ್ಟು ದುಡ್ಡು ಕಟ್ಬೇಕಾ?" ಅಂದರು. ದುಡ್ಡಲ್ಲ ಅಮ್ಮ, ನಿನ್ನ ಸರದಿ ಅದು, ಫೋನ್ ಕೆಳಗಿಡಬೇಡ ಅಂತ ಇಬ್ಬರೂ ಕೂಗಿಕೊಂಡೆವು. ಆದರೆ ಅಮ್ಮನ ಫೋನಿನಿಂದ ದುಡ್ಡು ಕಟ್ಟುವುದು ಹೇಗೆ? ಅದನ್ನು ನಾವು ಯೋಚಿಸಿಯೇ ಇರಲಿಲ್ಲ. ಕೊನೆಗೆ ಅದೇ ಅಕೌಂಟನ್ನು ನನ್ನ ಫೋನಿನಲ್ಲಿ ತೆಗೆಯಲು ಹೋಗಿ ಸರದಿಯೇ ತಪ್ಪಿಹೋಯಿತು. ಕ್ಯೂನಲ್ಲಿರುವ ಅಕೌಂಟನ್ನು ಇನ್ನೊಂದು ಫೋನಿನಲ್ಲಿ ತೆಗೆಯಬೇಡಿ. ಯಾರು ಕ್ಯೂನಲ್ಲಿ ಕೂತಿದ್ದಾರೋ ಅವರ ಕೈಯಲ್ಲೇ ದುಡ್ಡು ಕಟ್ಟುವ ದಾರಿಯೂ ಇರಬೇಕು.

ನಮ್ಮ ನಂಬರ್ ನಿಧಾನಕ್ಕೆ ಇಳಿಯುತ್ತಿತ್ತು. 25ರ ಶೋ ಖಾಲಿಯಾಗುತ್ತ ಬಂತು. ಅಷ್ಟರಲ್ಲಿ ಜನವರಿ 26ಕ್ಕೆ ಎರಡನೇ ಶೋ ಅಂತ ಘೋಷಿಸಿದರು. ತಂಗಿಗೆ ಒಳಗೆ ಹೋಗಲು ಸಿಕ್ಕಿತು. ನಕ್ಷೆ ತೆರೆಯಿತು. ನಮ್ಮ ಮೊದಲ ಆಯ್ಕೆ ಬೂದು ಬಣ್ಣ, ಅಂದರೆ ಖಾಲಿ. ಪಕ್ಕದ ಕೆಳಗಿನ ಸ್ಟ್ಯಾಂಡಿನಲ್ಲಿ 9,500ರದ್ದು ಎರಡು ಸಿಕ್ಕವು. ಅಲ್ಲಿ ಅವಳ ಬೆರಳು ನಿಂತಿತು.

"19 ಸಾವಿರ ಆಗುತ್ತೆ ಅಕ್ಕಾ. ವಿಮಾನ ಬೇರೆ."

"ತಗೋ, ಪರ್ವಾಗಿಲ್ಲ."

"ಮೇಲೆ 3,500ಕ್ಕೆ ಇದೆ."

ಅಷ್ಟು ಮಾತಾಡುವಷ್ಟರಲ್ಲಿ 9,500ರದ್ದು ಹೋಯಿತು. ನಾನು ಚೀಟಿಯ ಮೂರನೇ ಸಾಲು ತೋರಿಸಿದೆ. ಅವಳು ಮೇಲಿನ ಸ್ಟ್ಯಾಂಡಿನಲ್ಲಿ 3,500ರ ಎರಡು ಸೀಟು ಒತ್ತಿದಳು. ಯುಪಿಐ ಮೊದಲ ಸಲ ಫೇಲ್ ಆಯಿತು. ಎರಡನೇ ಸಲ ನನ್ನ ಕಾರ್ಡಿನಲ್ಲಿ ಕಟ್ಟಿದೆವು. ಬುಕಿಂಗ್ ಆಯಿತು ಅಂತ ಮೆಸೇಜ್ ಬಂದಾಗ ಗಂಟೆ ಎರಡು ದಾಟಿತ್ತು. ತಂಗಿ ಒಂದೇ ಕಾಲಿನ ಮೇಲೆ ಭಾರ ಹಾಕಿ ಎದ್ದು ನಿಂತು ನನ್ನನ್ನು ತಬ್ಬಿಕೊಂಡಳು. ಅಮ್ಮ ಇನ್ನೂ ಫೋನಿನಲ್ಲೇ ಇದ್ದರು.

ನಿಮಗೆ ಯೋಚಿಸಲು ಸಿಗುವುದು ಕೆಲವೇ ನಿಮಿಷ. ದರದ ಬಗ್ಗೆ ಮಾತುಕತೆಯೆಲ್ಲ ಹಿಂದಿನ ದಿನವೇ ಮುಗಿದಿರಬೇಕು. ಕಾರ್ಡ್ ನಂಬರ್ ಹಾಕಿಟ್ಟಿರಬೇಕು. ಎರಡನೇ ಕಾರ್ಡ್ ಪಕ್ಕದಲ್ಲಿರಬೇಕು.

ಇನ್ನೊಂದು ದಾರಿಯೂ ಇದೆ, ಹೇಳಿಬಿಡುತ್ತೇನೆ. ಕೋಲ್ಡ್‌ಪ್ಲೇಯವರು ಇನ್ಫಿನಿಟಿ ಟಿಕೆಟ್ ಅಂತ ಕೆಲವನ್ನು ಕಡಿಮೆ ದರಕ್ಕೆ ಬಿಡುತ್ತಾರೆ. ಮುಂಬೈ ಶೋಗಳಿಗೆ ನವೆಂಬರ್ 22ಕ್ಕೆ ಬಿಟ್ಟಿದ್ದರು, ಸುಮಾರು 2,000 ರೂಪಾಯಿ. ಎರಡೆರಡಾಗಿಯೇ ಕೊಳ್ಳಬೇಕು. ಸೀಟು ಯಾವುದು ಅಂತ ಹೋಗಿ ಟಿಕೆಟ್ ತೆಗೆದುಕೊಳ್ಳುವವರೆಗೆ ಗೊತ್ತಾಗುವುದಿಲ್ಲ. ನೆಲವೂ ಆಗಬಹುದು, ತುದಿಯ ಮೇಲಿನ ಸಾಲೂ ಆಗಬಹುದು. ಗಟ್ಟಿಮುಟ್ಟಾಗಿರುವ ಇಬ್ಬರಿಗೆ ಇದು ಒಳ್ಳೆಯದು. ನಮ್ಮಂತೆ ಜಾಗ ನೋಡಿಯೇ ಹೋಗಬೇಕಾದವರಿಗೆ ಅಲ್ಲ.

ಟಿಕೆಟ್ ಸಿಕ್ಕ ಖುಷಿ ರಾತ್ರಿಯವರೆಗೂ ಉಳಿಯಲಿಲ್ಲ. ಅಹಮದಾಬಾದಿನ ಹೋಟೆಲ್ ದರ ನೋಡಿ ಎದೆ ಧಸಕ್ಕೆಂದಿತು. ಸ್ಟೇಡಿಯಂ ಹತ್ತಿರದ ಸಾಧಾರಣ ರೂಮೂ ನಮ್ಮ ತಿಂಗಳ ಬಾಡಿಗೆಯನ್ನು ಮೀರಿತ್ತು. ರೈಲು ನೋಡೋಣ ಅಂದರೆ ಬುಕಿಂಗ್ ಇನ್ನೂ ತೆರೆದಿರಲಿಲ್ಲ. ನವೆಂಬರ್ 1ರಿಂದ ರೈಲ್ವೆಯವರು 120 ದಿನದ ಮುಂಗಡ ಬುಕಿಂಗನ್ನು 60 ದಿನಕ್ಕೆ ಇಳಿಸಿದ್ದರು. ಅಷ್ಟು ದಿನ ಕಾದರೆ ವಿಮಾನದ ದರ ಎಲ್ಲಿಗೆ ಹೋಗುತ್ತದೋ ಅಂತ ಭಯ.

ಉಪಾಯ ಹೊಳೆದಿದ್ದು ತಂಗಿಗೆ. ಅಹಮದಾಬಾದ್ ಬಿಟ್ಟು ವಡೋದರಾ ನೋಡೋಣ ಅಂದಳು. ಅಲ್ಲಿಂದ ಅಹಮದಾಬಾದ್ ಸುಮಾರು 100 ಕಿಲೋಮೀಟರ್, ದಿನವಿಡೀ ರೈಲು. ಬೆಂಗಳೂರಿನಿಂದ ವಡೋದರಾಗೆ ನೇರ ವಿಮಾನ ತಲಾ 6,600ಕ್ಕೆ ಸಿಕ್ಕಿತು. ವಾಪಸ್ಸೂ ಅಷ್ಟಕ್ಕೇ. ಸ್ಟೇಷನ್ ಹತ್ತಿರದ ಲಾಡ್ಜ್ ದಿನಕ್ಕೆ 2,200. ದೊಡ್ಡ ಶೋ ಇರುವ ಊರಿನಲ್ಲೇ ಉಳಿಯಬೇಕು ಅಂತ ಏನೂ ಇಲ್ಲ. ಒಂದೆರಡು ಗಂಟೆ ರೈಲು ದೂರದ ಊರು ಹುಡುಕಿ.

ಡಿಸೆಂಬರ್‌ನಲ್ಲಿ ನಾವು ವಿಜಯನಗರದ ಮನೆ ಬಿಟ್ಟು ನಾಗರಭಾವಿಗೆ ಬಂದೆವು. ಟಿಕೆಟ್ ಬುಕ್ ಮಾಡುವಾಗ ಕೊಟ್ಟ ವಿಳಾಸ ಹಳೇ ಮನೆಯದು. ಟಿಕೆಟ್ ಅಚ್ಚಾಗಿ ಕೊರಿಯರ್‌ನಲ್ಲಿ ಬರುತ್ತದೆ ಅಂತ ಗೊತ್ತಿತ್ತು, ಆದರೆ ಮನೆ ಬದಲಾಯಿಸುವ ಗಡಿಬಿಡಿಯಲ್ಲಿ ಅದು ತಲೆಗೇ ಬರಲಿಲ್ಲ. ಜನವರಿಯಲ್ಲಿ ಕಳಿಸಿದ್ದೇವೆ ಅಂತ ಮೆಸೇಜ್ ಬಂದಾಗ ವಿಳಾಸ ಬದಲಾಯಿಸುವ ಸಮಯ ಮುಗಿದಿತ್ತು. ಹಳೇ ಓನರ್ ಆಂಟಿಗೆ ಫೋನ್ ಮಾಡಿ ಬೇಡಿಕೊಂಡೆ. ಮೊದಲ ದಿನ ಕೊರಿಯರ್ ಹುಡುಗ ಬಂದಾಗ ಆಂಟಿ ದೇವಸ್ಥಾನಕ್ಕೆ ಹೋಗಿದ್ದರು. ಓಟಿಪಿ ನನ್ನ ಫೋನಿಗೆ ಬಂತು, ನಾನು ವೈಟ್‌ಫೀಲ್ಡ್‌ನ ಆಫೀಸಿನಲ್ಲಿ. ಅವನು ವಾಪಸ್ ಹೋದ. ಮಾರನೇ ದಿನ ಅರ್ಧ ದಿನ ರಜೆ ಹಾಕಿ, ಮೆಟ್ರೋ ಹತ್ತಿ, ಹಳೇ ಮನೆಯ ಮೆಟ್ಟಿಲ ಮೇಲೆ ಆಧಾರ್ ಕಾರ್ಡ್ ಹಿಡಿದು ಕೂತೆ. ಒಂದೂವರೆಗೆ ಬರುತ್ತಾರೆ ಅಂತಿತ್ತು, ಬಂದದ್ದು ನಾಲ್ಕೂವರೆಗೆ. ಆಂಟಿ ಎರಡು ಸಲ ಕಾಫಿ ಕೊಟ್ಟರು. ಕವರ್ ಕೈಗೆ ಬಂದಾಗ ಒಡೆಯಲಿಲ್ಲ. ತಂಗಿಯೇ ಒಡೆಯಲಿ ಅಂತ ಹಾಗೇ ಎದೆಗೊತ್ತಿಕೊಂಡು ಬಸ್ ಹತ್ತಿದೆ.

ಅವಳು ಕತ್ತರಿಯಿಂದ ಅಂಚನ್ನು ನಿಧಾನಕ್ಕೆ ಕತ್ತರಿಸಿದಳು. ಸೀಟ್ ನಂಬರ್ ನೋಡಿದಳು. ಆಮೇಲೆ ಲ್ಯಾಪ್‌ಟಾಪಿನಲ್ಲಿ ಸ್ಟೇಡಿಯಂ ಫೋಟೋ ತೆಗೆದು ಆ ಬ್ಲಾಕ್ ಎಲ್ಲಿದೆ ಅಂತ ಹುಡುಕಿದಳು. "ಅಕ್ಕಾ, ಇದು ತುಂಬಾ ಮೇಲಿದೆ" ಅಂದಳು. ಆಗ ಇಬ್ಬರಿಗೂ ಒಟ್ಟಿಗೇ ಹೊಳೆಯಿತು. ನಿಲ್ಲಲಾಗದು ಅಂತ ಸೀಟು ತೆಗೆದುಕೊಂಡೆವು. ಹತ್ತುವುದನ್ನು ಯೋಚಿಸಿರಲಿಲ್ಲ.

ಇಡೀ ಅನುಭವದಲ್ಲಿ ನಾನು ಹೇಳಲೇಬೇಕಾದ ಮಾತು ಇದು. ನಕ್ಷೆಯಲ್ಲಿ ಸೀಟು ಚಪ್ಪಟೆಯಾಗಿ ಕಾಣುತ್ತದೆ. ಸ್ಟೇಜಿಗೆ ಎಷ್ಟು ದೂರ ಅಂತ ಮಾತ್ರ ತೋರಿಸುತ್ತದೆ, ನೆಲದಿಂದ ಎಷ್ಟು ಎತ್ತರ ಅಂತ ತೋರಿಸುವುದಿಲ್ಲ. ಮಂಡಿನೋವು ಇರುವ ಅಪ್ಪ ಅಮ್ಮನನ್ನೋ, ಬಸುರಿಯನ್ನೋ, ಚಿಕ್ಕ ಮಕ್ಕಳನ್ನೋ ಕರೆದುಕೊಂಡು ಹೋಗುವವರು ಆ ಬ್ಲಾಕಿಗೆ ಎಷ್ಟು ಮೆಟ್ಟಿಲು ಅಂತ ಮೊದಲು ಹುಡುಕಿ. ಅದೇ ಬ್ಲಾಕಿನಲ್ಲಿ ಕ್ರಿಕೆಟ್ ನೋಡಿದವರ ವಿಡಿಯೋಗಳು ಬೇಕಾದಷ್ಟಿವೆ.

ಜನವರಿ 25ಕ್ಕೆ ವಡೋದರಾ ತಲುಪಿದೆವು. 26ರ ಬೆಳಗ್ಗೆ ರೈಲು. ಬೋಗಿ ತುಂಬಾ ನಮ್ಮಂಥವರೇ, ಹಳದಿ ಟೀ ಶರ್ಟು, ಕೆನ್ನೆಗೆ ಮಿಂಚು. ಅಹಮದಾಬಾದಿನಲ್ಲಿ ಸ್ಟೇಷನ್ ಪಕ್ಕದ ಕಾಲೂಪುರದಿಂದ ಮೆಟ್ರೋ ಹತ್ತಿ, ಓಲ್ಡ್ ಹೈಕೋರ್ಟ್‌ನಲ್ಲಿ ಇಳಿದು, ಮೊಟೇರಾ ಕಡೆ ಹೋಗುವ ರೈಲಿಗೆ ಬದಲಾಯಿಸಬೇಕು. ಮೊಟೇರಾ ಸ್ಟೇಡಿಯಂ ಅಂತಲೇ ಸ್ಟೇಷನ್ ಇದೆ. ಶೋಗಾಗಿ ರಾತ್ರಿ ತಡವಾಗಿಯೂ ಮೆಟ್ರೋ ಓಡಿಸಿದರು. ಕಾರು, ಆಟೋ ನಂಬಿ ಹೋಗಬೇಡಿ. ರಸ್ತೆಗಳು ನಿಂತೇ ಇದ್ದವು.

ಗೇಟಿನಲ್ಲಿ ನೀರಿನ ಬಾಟಲಿ, ಛತ್ರಿ, ಚಕ್ಕುಲಿ ಪೊಟ್ಟಣ ಎಲ್ಲ ಬಿಟ್ಟೆವು. ತಂಗಿಯ ಮಂಡಿ ಬ್ರೇಸನ್ನು ಮಹಿಳಾ ಸಿಬ್ಬಂದಿ ಒತ್ತಿ ಒತ್ತಿ ನೋಡಿದರು. ಆಸ್ಪತ್ರೆಯ ಡಿಸ್ಚಾರ್ಜ್ ಸಮ್ಮರಿಯ ಜೆರಾಕ್ಸ್ ತಂದಿದ್ದೆವು. ಅದನ್ನು ತೋರಿಸಿದ ಮೇಲೆ ಬಿಟ್ಟರು. ಬ್ರೇಸು, ಮಾತ್ರೆ, ಇಂಜೆಕ್ಷನ್ ಇರುವವರು ಚೀಟಿ ಇಟ್ಟುಕೊಂಡಿರಿ. ಒಳಗೆ ನೆಟ್‌ವರ್ಕ್ ಇಲ್ಲವೇ ಇಲ್ಲ ಅನ್ನುವಷ್ಟು ನಿಧಾನ. ಯುಪಿಐ ಆಗದೆ ಎಷ್ಟೋ ಜನ ಅಂಗಡಿ ಮುಂದೆ ಒದ್ದಾಡಿದರು. ನೋಟು ಇಟ್ಟುಕೊಳ್ಳಿ.

ಒಳಗೆ ಹೋಗುವಾಗ ಕೈಗೆ ಕಟ್ಟುವ ಎಲ್‌ಇಡಿ ಬ್ಯಾಂಡ್ ಕೊಟ್ಟರು. ಹಗಲಿನಲ್ಲಿ ನೋಡಿದರೆ ಬಿಳೀ ಬಿಲ್ಲೆ ಅಂಟಿಸಿದ ಪಟ್ಟಿ, ಅಷ್ಟೇ. ಆಮೇಲೆ ಹತ್ತುವುದು ಶುರು. ಮೊದಲು ಅಗಲವಾದ ರ್‍ಯಾಂಪ್, ಅದು ಕಷ್ಟವಾಗಲಿಲ್ಲ. ನಂತರ ಮೆಟ್ಟಿಲು. ತಂಗಿ ಒಳ್ಳೇ ಕಾಲು ಮೊದಲು ಮೇಲಿಟ್ಟು, ಆಪರೇಷನ್ ಆದ ಕಾಲನ್ನು ಅದರ ಪಕ್ಕಕ್ಕೆ ತಂದುಕೊಂಡು, ಒಂದೊಂದೇ ಹತ್ತಿದಳು. ಪ್ರತಿ ಹತ್ತು ಮೆಟ್ಟಿಲಿಗೆ ನಿಲ್ಲುತ್ತಿದ್ದೆವು. ಹಿಂದಿನಿಂದ ಬರುವವರಿಗೆ ದಾರಿ ಬಿಡಲು ಗೋಡೆಗೆ ಒತ್ತಿಕೊಳ್ಳುತ್ತಿದ್ದೆವು. ಸ್ಟ್ಯಾಂಡಿನೊಳಗೆ ಮೆಟ್ಟಿಲು ಇನ್ನೂ ಕಡಿದು. ನಮ್ಮ ಸೀಟು ಸಾಲಿನ ನಡುವೆ. ಅಂಚಿನಲ್ಲಿ ಸೂರತ್‌ನಿಂದ ಬಂದ ಒಂದು ಕುಟುಂಬ ಕೂತಿತ್ತು. ನಾವು ಏನೂ ಕೇಳಲಿಲ್ಲ. ಆ ತಾಯಿ ಬ್ರೇಸ್ ನೋಡಿ ತಾವೇ ಎದ್ದು, "ಬೇಟಾ, ಯಹಾಂ ಬೈಠೋ" ಅಂತ ಅಂಚಿನ ಎರಡು ಸೀಟು ಬಿಟ್ಟುಕೊಟ್ಟರು. ತಂಗಿ ಕಾಲು ಚಾಚಿ ಕೂತು ಒಂದೈದು ನಿಮಿಷ ಕಣ್ಣು ಮುಚ್ಚಿದಳು. ಇಷ್ಟೆಲ್ಲ ಮಾಡಿದ್ದು ತಪ್ಪಾಯಿತಾ ಅಂತ ಆ ಐದು ನಿಮಿಷ ನನಗೆ ಅನ್ನಿಸಿತು.

ಸಂಜೆ ಆರರವರೆಗೂ ಬಿಸಿಲು. ಟೋಪಿ ಇರಲಿ. ಜಸ್ಲೀನ್ ರಾಯಲ್ ಮೊದಲಾದವರು ಮುಂಚೆ ಹಾಡಿದರು. ಕತ್ತಲಾದ ಮೇಲೆ ಕೋಲ್ಡ್‌ಪ್ಲೇ ಬಂತು.

ಮೊದಲ ಹಾಡಿಗೇ ಸ್ಟೇಡಿಯಂ ಪೂರ್ತಿ ಎದ್ದು ನಿಂತಿತು. ಸೀಟು ಕೊಂಡವರೂ ಕೂರಲಿಲ್ಲ. ನನಗೆ ಗಾಬರಿಯಾಯಿತು, ಮುಂದಿನವರೆಲ್ಲ ನಿಂತರೆ ಇವಳು ಕೂತು ಏನು ನೋಡುತ್ತಾಳೆ? ಪಕ್ಕಕ್ಕೆ ತಿರುಗಿ ನೋಡಿದರೆ ಅವಳು ಕೂತೇ ಇದ್ದಾಳೆ, ಮುಖದ ಮೇಲೆಲ್ಲ ಬೆಳಕು. ಮೇಲಿನ ಸ್ಟ್ಯಾಂಡ್ ಅಷ್ಟು ಕಡಿದಾಗಿದ್ದರಿಂದ, ಅಂಚಿನ ದಾರಿ ಪಕ್ಕದಲ್ಲೇ ಇದ್ದುದರಿಂದ, ಮುಂದಿನವರು ನಿಂತರೂ ಅವಳಿಗೆ ಸ್ಟೇಜ್ ಕಾಣುತ್ತಿತ್ತು. ಕೆಳಗಿನ ಸ್ಟ್ಯಾಂಡಿನಲ್ಲಿ ಇಷ್ಟು ಇಳಿಜಾರು ಇರಲಿಲ್ಲ. ಅಲ್ಲಿ ಕೂತಿದ್ದರೆ ಅವಳಿಗೆ ಕಾಣುತ್ತಿದ್ದುದು ಬೆನ್ನುಗಳು ಮಾತ್ರ. ಹತ್ತಿಸಿ ಸುಸ್ತು ಮಾಡಿದ ಎತ್ತರವೇ ಕೂತು ನೋಡಲೂ ಬಿಟ್ಟಿತು. ಕೂತೇ ನೋಡಬೇಕಾದವರಿದ್ದರೆ ಇದನ್ನು ನೆನಪಿಡಿ: ಮೇಲಿನ ಸ್ಟ್ಯಾಂಡು, ದಾರಿ ಪಕ್ಕದ ಅಂಚಿನ ಸೀಟು. ಮೆಟ್ಟಿಲು ಹತ್ತಲು ಒಂದು ಗಂಟೆ ಜಾಸ್ತಿ ಇಟ್ಟುಕೊಂಡು ಹೋಗಿ.

ಹಾಡುವವರು ಅಲ್ಲಿಂದ ಕಿರುಬೆರಳಿನ ಉಗುರಿನಷ್ಟು ಕಾಣುತ್ತಾರೆ, ಅದು ನಿಜ. ಮುಖ ನೋಡಬೇಕಿದ್ದರೆ ಪರದೆಯೇ ಗತಿ. ಹಾಡುಗಾರನ ಮುಖ ನಿಮಗೆ ಮುಖ್ಯ ಅಂತಾದರೆ 3,500ರ ಸೀಟು ಬೇಡ. ಆದರೆ ಈ ಶೋನಲ್ಲಿ ನೋಡಬೇಕಾದದ್ದರಲ್ಲಿ ಅರ್ಧ ಜನರೇ. ಕೈಗೆ ಕಟ್ಟಿದ ಬ್ಯಾಂಡುಗಳೆಲ್ಲ ಒಟ್ಟಿಗೆ ಕೆಂಪಾಗುತ್ತವೆ, ನೀಲಿಯಾಗುತ್ತವೆ, ಅಲೆ ಬಂದ ಹಾಗೆ ಒಂದು ಕಡೆಯಿಂದ ಇನ್ನೊಂದು ಕಡೆಗೆ ಹರಿಯುತ್ತವೆ. ನಾವು ಬಸ್ಸಿನಲ್ಲಿ ಕೇಳುತ್ತಿದ್ದ 'ಯೆಲ್ಲೋ', ಅಂದರೆ ಹಳದಿ, ಅನ್ನುವ ಹಾಡು ಶುರುವಾದಾಗ ಒಂದು ಲಕ್ಷ ಕೈ ಹಳದಿಯಾಯಿತು. ಮೈದಾನ ರಾಗಿ ಹೊಲದ ಪಕ್ಕ ಹುಚ್ಚೆಳ್ಳು ಹೂ ಬಿಟ್ಟ ಹಾಗಿತ್ತು. ತಂಗಿ ನನ್ನ ಕೈ ಹಿಡಿದುಕೊಂಡು ತನ್ನ ಬ್ಯಾಂಡ್ ಪಕ್ಕ ನನ್ನದನ್ನು ಇಟ್ಟುಕೊಂಡಳು. ನೆಲದಲ್ಲಿ ನಿಂತಿದ್ದರೆ ಇದು ನಮಗೆ ಕಾಣುತ್ತಲೇ ಇರಲಿಲ್ಲ.

ಗಣರಾಜ್ಯೋತ್ಸವದ ದಿನವಾದ್ದರಿಂದ ಬ್ಯಾಂಡಿನ ಹಾಡುಗಾರ ಕ್ರಿಸ್ ಮಾರ್ಟಿನ್ ವಂದೇ ಮಾತರಂ ಹಾಡಿದರು. ಜನರ ಮಧ್ಯೆ ಕೂತಿದ್ದ ಜಸ್‌ಪ್ರೀತ್ ಬುಮ್ರಾ ಪರದೆಯ ಮೇಲೆ ಬಂದಾಗ ಎದ್ದ ಕೂಗು ಸಿಕ್ಸರ್‌ಗೂ ಏಳುವುದಿಲ್ಲವೇನೋ. ಹಿಂದಿನ ತುದಿಯ ಪುಟ್ಟ ಸ್ಟೇಜಿಗೆ ಬಂದಾಗ, ನಮ್ಮ ಚೀಟಿಯ ಮೊದಲ ಆಯ್ಕೆಯ ಜಾಗದಲ್ಲಿ ಕೂತವರನ್ನು ಮೇಲಿನಿಂದ ನೋಡಿದೆ. ಅಲ್ಲಿ ಸಿಕ್ಕಿದ್ದರೆ ಅಂತ ಒಂದು ಕ್ಷಣ ಅನ್ನಿಸಿದ್ದು ಸುಳ್ಳಲ್ಲ.

ಇಳಿಯುವುದು ಹತ್ತುವುದಕ್ಕಿಂತ ಕಷ್ಟ. ಮಂಡಿಗೆ ಇಳಿಯುವಾಗಲೇ ಭಾರ ಜಾಸ್ತಿ. ಜನ ಖಾಲಿಯಾಗಲಿ ಅಂತ ನಲವತ್ತು ನಿಮಿಷ ಕೂತೇ ಇದ್ದೆವು. ಬ್ಯಾಂಡ್ ವಾಪಸ್ ಕೊಡಬೇಕು, ಅದನ್ನು ಮುಂದಿನ ಶೋಗೆ ಬಳಸುತ್ತಾರೆ. ಹೊರಗೆ ಡಬ್ಬಿ ಇಟ್ಟಿದ್ದರು. ತಂಗಿ ತನ್ನದನ್ನು ಬಿಚ್ಚಿ, ಮಣಿಕಟ್ಟಿನ ಮೇಲೆ ಅದು ಮೂಡಿಸಿದ್ದ ಗುರುತನ್ನು ಒಂದು ಸಲ ಸವರಿಕೊಂಡು ಹಾಕಿದಳು. ಮೆಟ್ರೋ ಕ್ಯೂ ಉದ್ದ ಇತ್ತು, ಆದರೆ ನಡೆಯುತ್ತಿತ್ತು. ವಾಪಸ್ಸಿನ ಟಿಕೆಟ್ ಬರುವಾಗಲೇ ತೆಗೆದುಕೊಂಡಿದ್ದರಿಂದ ಒಂದು ಕ್ಯೂ ಉಳಿಯಿತು.

ಒಟ್ಟು ಖರ್ಚು ಹೇಳಿಬಿಡುತ್ತೇನೆ. ಇಬ್ಬರ ಟಿಕೆಟ್ ಫೀಸೆಲ್ಲ ಸೇರಿ 8 ಸಾವಿರದ ಹತ್ತಿರ. ವಿಮಾನ 26,400. ಲಾಡ್ಜ್ ಎರಡು ರಾತ್ರಿಗೆ 4,400. ರೈಲು, ಮೆಟ್ರೋ, ಆಟೋ 2,300. ಊಟ ತಿಂಡಿ 3,000. ಹತ್ತಿರ ಹತ್ತಿರ 44 ಸಾವಿರ. ಟಿಕೆಟ್ ಅದರಲ್ಲಿ ಐದನೇ ಒಂದು ಭಾಗವೂ ಅಲ್ಲ.  ಹೊರ ಊರಿಗೆ ಹೋಗುವುದಾದರೆ 3,500ಕ್ಕೂ 4,500ಕ್ಕೂ ನಡುವಿನ ವ್ಯತ್ಯಾಸಕ್ಕೆ ತಲೆ ಕೆಡಿಸಿಕೊಳ್ಳಬೇಡಿ. ಮೈಗೆ ಹೊಂದುವ ಸೀಟು ಯಾವುದೋ ಅದನ್ನು ತೆಗೆದುಕೊಳ್ಳಿ. ಹೋಗಲು ಆಗದಿದ್ದರೂ ಬೇಸರ ಬೇಡ, 26ರ ಶೋ ಡಿಸ್ನಿ ಪ್ಲಸ್ ಹಾಟ್‌ಸ್ಟಾರ್‌ನಲ್ಲಿ ನೇರವಾಗಿ ಬಂತು.

ಕಾಲೂಪುರದ ಪ್ಲಾಟ್‌ಫಾರಂನಲ್ಲಿ ವಡೋದರಾ ರೈಲಿಗೆ ಕಾಯುತ್ತ ಕೂತಾಗ ರಾತ್ರಿ ಒಂದು ಗಂಟೆ. ತಂಗಿಯ ಮಂಡಿ ಸ್ವಲ್ಪ ಊದಿತ್ತು. ಚಹಾ ಅಂಗಡಿಯವನ ಹತ್ತಿರ ಐಸ್ ಕೇಳಿ ಕರ್ಚೀಫಿನಲ್ಲಿ ಕಟ್ಟಿ ಇಟ್ಟೆ. ನೆಟ್‌ವರ್ಕ್ ಬಂತು. ಅಮ್ಮನ ಏಳು ಮಿಸ್ಡ್ ಕಾಲ್. ಅಷ್ಟು ಹೊತ್ತಿನಲ್ಲೂ ಎದ್ದಿದ್ದರು.

"ಪೂರ್ತಿ ನೋಡ್ದೆ ಕಣ್ರೇ ಟಿವೀಲಿ. ಎಲ್ಲಾ ಹಳದಿ ಆಯ್ತಲ್ಲ, ಆವಾಗ ನಿಮ್ಮಿಬ್ಬರನ್ನ ಹುಡುಕ್ದೆ. ಎಲ್ಲಿದ್ರಿ?"

"ಎಲ್ಲರಿಗಿಂತ ಮೇಲೆ ಅಮ್ಮಾ" ಅಂದಳು ತಂಗಿ.